ಬ್ಲೋಯರ್ ನಿಲ್ಲಿಸಿದ ಹಬ್ಬ

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಸಂಪಿನ ಬಾಯಿಗೆ ಬಗ್ಗಿ ನಿಂತಿದ್ದ ಮುನಿರಾಜು ಎರಡು ಸಲ ಮೂಗೆಳೆದು, "ವಾಸ್ನೆ ಹೋಯ್ತು ಮೇಡಂ. ಆಗ್ಲಿಂದ ಕೊಳ್ತ ಮೊಟ್ಟೆ ಥರ ಹೊಡೀತಾ ಇತ್ತು, ಈಗ ಏನೂ ಇಲ್ಲ" ಅಂದ. ನಾನೂ ಬಗ್ಗಿ ಮೂಸಿದೆ. ಏನೂ ಬರಲಿಲ್ಲ. ಪಂಪ್ ಶೆಡ್ಡಿನ ಗಡಿಯಾರವನ್ನು ಒಮ್ಮೆ ನೋಡಿ ಅವನಿಗೆ ತಲೆಯಾಡಿಸಿದೆ. ಅವನು ಏಣಿಗೆ ಕಾಲಿಟ್ಟ.

ವಾಸನೆ ಹೋಗಿರಲಿಲ್ಲ. ನಮ್ಮ ಮೂಗು ಹೋಗಿತ್ತು.

ಹೈಡ್ರೋಜನ್ ಸಲ್ಫೈಡ್ ಅನಿಲ ಕಡಿಮೆ ಇದ್ದಾಗ ನಾರುತ್ತದೆ, ಹೆಚ್ಚಾದಾಗ ವಾಸನೆ ಹಿಡಿಯುವ ನರವನ್ನೇ ಮರಗಟ್ಟಿಸುತ್ತದೆ. ಇದನ್ನು ನಾನು ಬಿ.ಎಸ್ಸಿ. ಓದುವಾಗಲೇ ಕಲಿತಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡಿದ್ದೆ. ಇಪ್ಪತ್ತು ವರ್ಷ ಆದಮೇಲೆ ಅದೇ ಪ್ರಶ್ನೆ ಸಂಪಿನ ಬಾಯಲ್ಲಿ ನನ್ನೆದುರು ಬಂದು ನಿಂತಾಗ ನಾನು ತಲೆಯಾಡಿಸಿದೆ.

ನಿವೃತ್ತಿಯಾಗಿ ಎರಡು ವರ್ಷವಾಯಿತು. ಹೋದ ತಿಂಗಳು ನಮ್ಮ ರಾಜಘಟ್ಟದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ಇಬ್ಬರೂ ಕೆಮಿಸ್ಟ್ರಿ ಓದಿ ನಾನು ಮಾಡುತ್ತಿದ್ದಂಥದೇ ಕೆಲಸಕ್ಕೆ ಸೇರಿದ್ದಾರೆ. "ಹೆಂಗಿತ್ತು ಆಂಟಿ ಕೆಲ್ಸ?" ಅಂತ ಕೇಳಿದರು. "ಚೆನ್ನಾಗಿತ್ತಮ್ಮ" ಅಂದು ಕಾಫಿ ಕೊಟ್ಟು ಕಳಿಸಿದೆ. ಅವರು ಗೇಟು ದಾಟುವ ಮೊದಲೇ ನನಗೆ ನನ್ನ ಮೇಲೆ ಸಿಟ್ಟು ಬಂತು. ಆ ಸುಳ್ಳನ್ನು ತಿದ್ದಲು ಇದನ್ನು ಬರೆಯುತ್ತಿದ್ದೇನೆ.

ಬಾಶೆಟ್ಟಿಹಳ್ಳಿಯ ಒಂದು ಬಟ್ಟೆ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಕೆಲಸ ಮಾಡಿದೆ. ಬಟ್ಟೆಗೆ ಬಣ್ಣ ಹಾಕಿದ ಮೇಲೆ ಉಳಿಯುವ ಕೊಳಕು ನೀರನ್ನು ಹೊರಗೆ ಬಿಡುವ ಮೊದಲು ಶುದ್ಧ ಮಾಡಬೇಕು. ಅದಕ್ಕೊಂದು ಘಟಕ, ಘಟಕಕ್ಕೊಂದು ಪುಟ್ಟ ಲ್ಯಾಬು, ಲ್ಯಾಬಿಗೆ ನಾನು. ಕಾರ್ಖಾನೆಯ ಹಿಂಬದಿಯಲ್ಲಿ, ಕ್ಯಾಂಟೀನಿನ ಪಾತ್ರೆ ತೊಳೆಯುವ ಜಾಗದ ಆಚೆ. ಅತಿಥಿಗಳು ಬಂದರೆ ಆ ಕಡೆ ಕರೆದುಕೊಂಡು ಬರುತ್ತಿರಲಿಲ್ಲ.

ಮೊದಲನೇ ದಿನ ನನಗೆ ಘಟಕ ತೋರಿಸಿದವನು ಮುನಿರಾಜು. ಆಗ ಅವನಿಗೆ ಇಪ್ಪತ್ತೈದು ಇರಬಹುದು. ಈಜುಕೊಳದಷ್ಟು ದೊಡ್ಡ ತೊಟ್ಟಿ, ಅದರ ತುಂಬ ಕಂದು ನೀರು, ತಳದಿಂದ ಬುಳುಬುಳು ಏಳುವ ಗುಳ್ಳೆ. ಪಕ್ಕದಲ್ಲಿ ಆ ಗಾಳಿ ಊದುವ ಬ್ಲೋಯರ್ ಎಂಬ ಯಂತ್ರ, ಮಾತು ಕೇಳಿಸದಷ್ಟು ಸದ್ದು.

"ಇದು ತೊಟ್ಟಿ ಅಂದ್ಕೋಬೇಡಿ ಮೇಡಂ. ದನದ ಕೊಟ್ಟಿಗೆ" ಅಂತ ಅವನು ನನ್ನ ಕಿವಿಯ ಹತ್ತಿರ ಕೂಗಿದ. "ನೀವ್ ಓದಿರೋ ಪುಸ್ತಕದಾಗೆ ಏನಂತ ಬರ್ದವ್ರೋ ಕಾಣೆ. ಮೇವು ಹಾಕ್ಬೇಕು, ಗಾಳಿ ಬಿಡ್ಬೇಕು, ಸಗಣಿ ಎತ್ತಾಕ್ಬೇಕು. ಅಷ್ಟೇಯ."

ನಗು ಬಂತು. ಆದರೆ ಪುಸ್ತಕದಲ್ಲಿ ಇದ್ದದ್ದೂ ಅಷ್ಟೇ. ಆ ಕಂದು ನೀರಿನಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು. ಬಟ್ಟೆಯಿಂದ ಬಿಟ್ಟ ಗಂಜಿ ಅವಕ್ಕೆ ಮೇವು. ತಿನ್ನುತ್ತವೆ, ತಿಂದದ್ದನ್ನು ಒಡೆದು ಶಕ್ತಿ ಮಾಡಿಕೊಳ್ಳುತ್ತವೆ, ಮರಿ ಮಾಡುತ್ತವೆ. ಪಠ್ಯದಲ್ಲಿ ಇದಕ್ಕೆ ಚಯಾಪಚಯ ಅಂತ ಹೆಸರು. ನಾವು ಮುದ್ದೆ ತಿಂದು ಮಾಡುವುದೂ ಇದನ್ನೇ, ದನ ಹುಲ್ಲು ತಿಂದು ಮಾಡುವುದೂ ಇದನ್ನೇ. ಗಾಳಿ ಬೇಕು, ಏಕೆಂದರೆ ಆಮ್ಲಜನಕ ಇದ್ದಾಗ ಒಂದು ಕಣ ಗ್ಲೂಕೋಸಿನಿಂದ ಸಿಗುವ ಶಕ್ತಿಯಲ್ಲಿ ಸುಮಾರು ಹದಿನೈದರಲ್ಲೊಂದು ಪಾಲು ಮಾತ್ರ ಅದಿಲ್ಲದೆ ಬರೀ ಹುಳಿಯಿಸಿದರೆ ಸಿಗುತ್ತದೆ.

ಮೇವು ಕಡಿಮೆಯಾದ ದಿನ ಬೆಲ್ಲ ಕರಗಿಸಿ ಹಾಕುತ್ತಿದ್ದೆವು. ಹೊಸ ತೊಟ್ಟಿ ಶುರು ಮಾಡುವಾಗ ಸಗಣಿ ನೀರು. ಬೆಲ್ಲ, ಸಗಣಿ ಅಂದರೆ ಈಗಿನವರು ನಗುತ್ತಾರೆ, ಅವರಿಗೆ ಪುಡಿ ಪ್ಯಾಕೆಟ್ಟಿನಲ್ಲಿ ಬ್ಯಾಕ್ಟೀರಿಯಾ ಬರುತ್ತದೆ. ನಗಲಿ. ನಡುವೆ ಒಮ್ಮೆ ಸತ್ತರೂ ನಮ್ಮ ತೊಟ್ಟಿ ಅದರಿಂದಲೇ ಇಪ್ಪತ್ತು ವರ್ಷ ಬದುಕಿತ್ತು. ಪ್ರತಿದಿನ ಬೆಳಿಗ್ಗೆ ನಾನು ಬಸ್ಸಿಳಿದು ಬಂದು ಬ್ಯಾಗು ಇಡುವ ಮೊದಲು ಮುನಿರಾಜು ಕೇಳುತ್ತಿದ್ದ ಮಾತು ಒಂದೇ: "ಇವತ್ತು ಮೇವು ಎಷ್ಟು ಮೇಡಂ?"

ನನ್ನ ಮೊದಲ ಪ್ರಮಾದ ಸೇರಿದ ಆರು ತಿಂಗಳೊಳಗೇ ಆಯಿತು. ಬಟ್ಟೆ ಬಿಳುಪು ಮಾಡುವವರು ಒಂದು ದಿನ ಹೇಳದೆ ಕೇಳದೆ ಬ್ಲೀಚ್ ನೀರನ್ನೆಲ್ಲ ನಮ್ಮ ಕಡೆ ಬಿಟ್ಟರು. ನಾನು ಪರೀಕ್ಷಿಸದೆ ಒಳಗೆ ಬಿಟ್ಟುಕೊಂಡೆ. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯ ಜೀವವೆಲ್ಲ ಸತ್ತು, ಆಳೆತ್ತರ ಬಿಳಿ ನೊರೆ ಎದ್ದು, ಕಾಂಪೌಂಡು ದಾಟಿ ರಸ್ತೆಗೆ ಹೋಯಿತು. ಸೈಕಲ್ಲಿನಲ್ಲಿ ಬರುತ್ತಿದ್ದವನೊಬ್ಬ ನೊರೆಯೊಳಗೆ ಹೊಕ್ಕು ಆಚೆ ಬಂದು, "ಏನ್ರೀ, ಕಾರ್ಖಾನೇನೇ ಸ್ನಾನ ಮಾಡ್ತೈತಾ?" ಅಂತ ಕೇಳಿದ. ಆಗಿನ ನನ್ನ ಮೇಲಧಿಕಾರಿ ಬಯ್ಯಲಿಲ್ಲ. ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಸತ್ತ ನೀರಿನ ಹನಿ ತೋರಿಸಿದರು. ನಿನ್ನೆ ಓಡಾಡುತ್ತಿದ್ದ ಪುಟ್ಟ ಪುಟ್ಟ ಜೀವಿಗಳು ಧೂಳಿನ ಹಾಗೆ ನಿಂತಿದ್ದವು. "ಮೀಟರು ಸುಳ್ಳು ಹೇಳಬಹುದು, ಇವು ಹೇಳಲ್ಲ. ದಿನಾ ಒಂದು ಹನಿ ನೋಡಮ್ಮ" ಅಂದರು. ಅವರಂಥವರು ಮತ್ತೆ ಬರಲಿಲ್ಲ.

ಅವರ ನಂತರ ಬಂದವರು ಗುರುಮೂರ್ತಿ. ಕಾರ್ಖಾನೆಯ ಮ್ಯಾನೇಜರು. ಮಾತು ಮೃದು, ಎಲ್ಲರಿಗೂ ನಮಸ್ಕಾರ, ಹಬ್ಬಕ್ಕೆ ಎಲ್ಲರಿಗೂ ಸಿಹಿ. ಅವರ ಕಾಲದಲ್ಲಿ ನೀರಿನ ಆಮ್ಲಜನಕ ಅಳೆಯಲು ಹೊಸ ಮೀಟರು ಬಂತು. ಮೊದಲು ನಾನು ಬಾಟಲಿಯಲ್ಲಿ ನೀರು ಹಿಡಿದು, ಹನಿ ಹನಿ ದ್ರಾವಣ ಬಿಟ್ಟು, ಬಣ್ಣ ಹೋಗುವುದನ್ನು ನೋಡಿ ಅಳೆಯುತ್ತಿದ್ದೆ. ಈಗ ತೊಟ್ಟಿಯಲ್ಲಿ ಮುಳುಗಿಸಿದ ಒಂದು ಕಡ್ಡಿ, ಮ್ಯಾನೇಜರ ಕೋಣೆಯಲ್ಲಿ ಒಂದು ಪರದೆ. ಅಂಕಿ ಸರಿಯಿದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ಕೆಂಪು ಬಂದಾಗಲೆಲ್ಲ ಗುರುಮೂರ್ತಿಯವರಿಗೆ ಮೇಲಿನಿಂದ ಫೋನು ಬರುತ್ತಿತ್ತು. ಒಂದು ದಿನ ಬಂದು ನೋಡುತ್ತೇನೆ, ಆ ಕಡ್ಡಿ ತೊಟ್ಟಿಯಲ್ಲಿಲ್ಲ. ಬೋರ್‌ವೆಲ್ ನೀರು ತುಂಬಿದ ಒಂದು ಬಕೆಟ್ಟಿನಲ್ಲಿದೆ. ಬಕೆಟ್ಟಿಗೆ ಮೀನಿನ ತೊಟ್ಟಿಗೆ ಹಾಕುವಂಥ ಪುಟ್ಟ ಗಾಳಿ ಪಂಪು.

"ಇದ್ಯಾರು ಮಾಡಿದ್ದು?" ಅಂದೆ.

"ಮೇಡಂ, ಮೀಟರಿಗೂ ಸ್ವಲ್ಪ ರೆಸ್ಟ್ ಬೇಕಲ್ವಾ" ಅಂದರು ಗುರುಮೂರ್ತಿ, ನಗುತ್ತ.

ನಾನೂ ನಕ್ಕೆ. ಹುಡುಗಿಯರೇ, ಇದನ್ನು ಗಮನಿಸಿ ಓದಿ. ನಾನೂ ನಕ್ಕೆ. ಕಡ್ಡಿ ಮೂರು ವರ್ಷ ಬಕೆಟ್ಟಿನಲ್ಲಿತ್ತು. ನಾನು ನನ್ನ ಬಾಟಲಿಯಲ್ಲಿ ನಿಜವಾದ ಅಂಕಿ ತೆಗೆದು ನನ್ನ ನೋಟ್‌ಪುಸ್ತಕದಲ್ಲಿ ಬರೆದುಕೊಂಡು, ನಾನು ಪ್ರಾಮಾಣಿಕಳು ಅಂದುಕೊಂಡೆ.

ಈಗ ಹಬ್ಬಕ್ಕೆ ಬರುತ್ತೇನೆ.

ಆಯುಧಪೂಜೆಗೆ ನಮ್ಮ ಕಡೆ ಯಂತ್ರಕ್ಕೆ ವಿಶ್ರಾಂತಿ ಕೊಡುತ್ತಾರೆ. ತೊಳೆದು, ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ ನಿಲ್ಲಿಸಿಬಿಡುತ್ತಾರೆ. ಮಗ್ಗಕ್ಕೆ, ಟ್ರ್ಯಾಕ್ಟರಿಗೆ, ಲೇತ್ ಮಿಷನ್ನಿಗೆ ಅದು ಸರಿ. ನಿಂತರೆ ಅವು ಸಾಯುವುದಿಲ್ಲ. ಹಳೆಯ ಮೇಲಧಿಕಾರಿ ಇದ್ದಷ್ಟು ಕಾಲ ಬ್ಲೋಯರಿಗೆ ಪೂಜೆಯಾದ ಹತ್ತು ನಿಮಿಷಕ್ಕೆ ಮತ್ತೆ ಗುಂಡಿ ಒತ್ತುತ್ತಿದ್ದೆವು.

ಆ ವರ್ಷ ಆಯುಧಪೂಜೆ, ವಿಜಯದಶಮಿ, ಭಾನುವಾರ ಸಾಲಾಗಿ ಬಂದವು. ಮೂರು ದಿನ ಬಣ್ಣದ ಕೆಲಸವಿಲ್ಲ, ತೊಟ್ಟಿಗೆ ಮೇವಿಲ್ಲ. ನಾನು ಮುನಿರಾಜುವಿಗೆ ಹೇಳಿದೆ: "ಬೆಲ್ಲದ ನೀರನ್ನ ಸಂಪಿಗೆ ಹಾಕಪ್ಪ. ಪಂಪು ಸ್ವಲ್ಪ ಸ್ವಲ್ಪವಾಗಿ ತೊಟ್ಟಿಗೆ ಕಳಿಸ್ತಿರುತ್ತೆ. ಮೂರು ದಿನಕ್ಕೆ ಆಗೋಷ್ಟು ಹಾಕು." ಸಂಪು ಅಂದರೆ ಕಾರ್ಖಾನೆಯ ನೀರೆಲ್ಲ ಮೊದಲು ಬಂದು ಬೀಳುವ ಗುಂಡಿ, ಹನ್ನೆರಡು ಅಡಿ ಆಳ, ಮೇಲೆ ಕಾಂಕ್ರೀಟು ಮುಚ್ಚಿ ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ ಬಿಟ್ಟದ್ದು.

"ಹಬ್ಬಕ್ಕೆ ಅವಕ್ಕೂ ಹೋಳಿಗೆ ಊಟ" ಅಂದ ಮುನಿರಾಜು. ಕೊಡಗಟ್ಟಲೆ ಸುರಿದ.

ನಾನು ಮೂರು ಗಂಟೆಯ ಬಸ್ಸು ಹಿಡಿಯುವ ಆತುರದಲ್ಲಿದ್ದೆ. ಹೊರಡುವಾಗ ಬ್ಲೋಯರ್ ನಿಂತಿತ್ತು, ಅದಕ್ಕೆ ಹಾರ ಹಾಕುತ್ತಿದ್ದರು. ಪೂಜೆ ಮುಗಿದ ಮೇಲೆ ಶುರು ಮಾಡುತ್ತಾರೆ ಅಂದುಕೊಂಡೆ. ಗುರುಮೂರ್ತಿಯವರು ಪೂಜೆಯಾದ ಮೇಲೆ ಘಟಕದ ಕರೆಂಟನ್ನೇ ತೆಗೆಸಿ ಸೀಲು ಮಾಡಿಸಿದರು. ಸಂಪ್ರದಾಯ ಅಂದರಂತೆ. ಬ್ಲೋಯರ್ ಇಲ್ಲ, ಪಂಪು ಇಲ್ಲ. ಬೆಲ್ಲವೆಲ್ಲ ಸಂಪಿನಲ್ಲೇ ಉಳಿಯಿತು. ಇನ್ನೊಂದು ಆಯಿತು. ಒಡೆದ ಬೂದುಗುಂಬಳದ ಹೋಳು, ಹೂವು, ಹಾರ ಎಲ್ಲ ಪೂಜೆಯ ಸಾಮಾನು, ಕಾಲಲ್ಲಿ ತುಳಿಯಬಾರದು, ನೀರಿಗೆ ಬಿಡಬೇಕು ಅಂತ ಯಾರೋ ಭಕ್ತಿಯಿಂದ ಗುಡಿಸಿ ಹತ್ತಿರದ ನೀರಿಗೆ ಬಿಟ್ಟರು. ಹತ್ತಿರದ ನೀರು ಸಂಪು.

ನಾನು ರಾಜಘಟ್ಟದಲ್ಲಿ ಹಬ್ಬ ಮಾಡಿದೆ. ಒಂದು ಫೋನು ಮಾಡಿ "ಬ್ಲೋಯರ್ ಓಡ್ತಿದೆಯಾ" ಅಂತ ಕೇಳಲಿಲ್ಲ.

ಆ ಮೂರು ದಿನ ಸಂಪಿನೊಳಗೆ ಏನಾಯಿತು ಅಂದರೆ, ಬೆಲ್ಲ ತಿನ್ನಲು ಮುಗಿಬಿದ್ದ ಜೀವಿಗಳು ನೀರಿನಲ್ಲಿದ್ದ ಆಮ್ಲಜನಕವನ್ನೆಲ್ಲ ಕೆಲವೇ ಗಂಟೆಗಳಲ್ಲಿ ಮುಗಿಸಿದವು. ಅದಿಲ್ಲದೆ ಬದುಕಲಾರದವು ಸುಮ್ಮನಾದವು. ಆಗ ಇನ್ನೊಂದು ಕುಲದವು ಎದ್ದವು. ಅವಕ್ಕೆ ಆಮ್ಲಜನಕ ಬೇಡ, ಅದರ ಬದಲು ಸಲ್ಫೇಟನ್ನು ಉಸಿರಾಡುತ್ತವೆ. ಬಟ್ಟೆಗೆ ಬಣ್ಣ ಹಿಡಿಸಲು ಹಾಕುವ ಉಪ್ಪು ಅಡುಗೆಯ ಉಪ್ಪಲ್ಲ, ಸೋಡಿಯಂ ಸಲ್ಫೇಟು. ನಮ್ಮ ಸಂಪಿನ ನೀರಿನಲ್ಲಿ ಅದು ಬೇಕಾದಷ್ಟಿತ್ತು. ನಾವು ಆಮ್ಲಜನಕ ಒಳಗೆ ತೆಗೆದುಕೊಂಡು ನೀರು ಮಾಡುತ್ತೇವೆ. ಅವು ಸಲ್ಫೇಟು ತೆಗೆದುಕೊಂಡು ಹೈಡ್ರೋಜನ್ ಸಲ್ಫೈಡ್ ಮಾಡುತ್ತವೆ. ಅವುಗಳ ಮೇಲೆ ನನಗೆ ಸಿಟ್ಟಿಲ್ಲ. ಮೇವು ಕೊಟ್ಟವಳು ನಾನು, ಗಾಳಿ ನಿಲ್ಲಿಸಿದವರು ಇನ್ನೊಬ್ಬರು. ಅವು ಬದುಕಿದವು, ಅಷ್ಟೇ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಗೇಟಿನಲ್ಲೇ ಮೂಗಿಗೆ ಹೊಡೆಯಿತು. ಕರೆಂಟು ಹಾಕಿಸಿದೆವು. ಮೊದಲು ಪಂಪಿನ ಗುಂಡಿ ಒತ್ತಿದೆವು, ಬ್ಲೋಯರಿನ ಕಡೆ ಯಾರೂ ಹೋಗಲಿಲ್ಲ. ಪಂಪು ಗುಂಯ್ ಅಂದಿತು, ನೀರೆತ್ತಲಿಲ್ಲ. ಕುಂಬಳಕಾಯಿ ಹೋಳು, ಹಾರ ಎಲ್ಲ ಪಂಪಿನ ತಳದ ಬಾಯಿಗೆ ಕಚ್ಚಿಕೊಂಡಿತ್ತು. ಗುರುಮೂರ್ತಿಯವರು ಬಂದರು, ಕರವಸ್ತ್ರ ಮೂಗಿಗೆ ಹಿಡಿದು.

"ಬಣ್ಣದ ಸೆಕ್ಷನ್ ಶುರುವಾಗಿದೆ ಮೇಡಂ. ಮಧ್ಯಾಹ್ನದೊಳಗೆ ಸಂಪು ತುಂಬಿ ಉಕ್ಕುತ್ತೆ. ಬೇಗ ಪಂಪ್ ಎತ್ಸಿ."

"ಸರ್, ಒಳಗೆ ಗ್ಯಾಸ್ ಇದೆ. ಇವತ್ತು ಯಾರೂ ಇಳೀಬಾರದು."

"ಗ್ಯಾಸ್ ಎಲ್ಲಿದೆ? ನನ್ನ ಸ್ಕ್ರೀನಲ್ಲಿ ಆಕ್ಸಿಜನ್ ಹಸಿರಾಗೇ ಇದೆಯಲ್ಲ!"

ಬಕೆಟ್ಟಿನ ಹಸಿರು. ಆ ಕಡ್ಡಿಯನ್ನು ಬಕೆಟ್ಟಿಗೆ ಹಾಕಿಸಿದವರೇ ಅದನ್ನು ನಂಬಿದ್ದರು. ಅಥವಾ ನಂಬಿದಂತೆ ನಟಿಸಿದರು. ಇವತ್ತಿಗೂ ನನಗೆ ಯಾವುದೆಂದು ಗೊತ್ತಿಲ್ಲ, ಯಾವುದಾದರೂ ಕ್ಷಮೆಯಿಲ್ಲ. ಆಗ ನಾನು ಎಲ್ಲರೆದುರು ಆ ಬಕೆಟ್ಟನ್ನು ಒದ್ದು ಉರುಳಿಸಬೇಕಿತ್ತು. "ಒಂದು ಗಂಟೆ ಕೊಡಿ, ಬಾಯಿ ತೆರೆದಿಟ್ಟು ಗಾಳಿಯಾಡಲಿ" ಅಂದೆ. ಅಷ್ಟೇ ಅಂದೆ. ಅವರು ಒಂದು ಗಂಟೆ ಕೊಟ್ಟು ಹೋದರು.

ಒಂಬತ್ತು ಹತ್ತಕ್ಕೆ ವಾಸನೆ ಹೋಯಿತು. ನಾವು ಅದರ ಪಕ್ಕದಲ್ಲೇ ಒಂದು ಗಂಟೆ ನಿಂತಿದ್ದೆವು, ಮುನಿರಾಜು ಮೇಲಿನಿಂದ ಬಿದಿರಿನ ಕೊಕ್ಕೆಯಲ್ಲಿ ತಳ ಕೆದಕಿ ಕೆದಕಿ ಅನಿಲವನ್ನೆಲ್ಲ ಎಬ್ಬಿಸಿದ್ದ.

ಇಳಿಯುವಾಗ ಬಕೆಟ್ಟು ಇಳಿಸುವ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಬಾವಿಗಿಳಿಯುವ ಮನೆತನದ ಅಭ್ಯಾಸ. ಇನ್ನೊಂದು ತುದಿ ಚಂದ್ರಪ್ಪನ ಕೈಯಲ್ಲಿ. ಚಂದ್ರಪ್ಪ ಅವನ ಹೆಂಡತಿಯ ತಮ್ಮ, ಅದೇ ಘಟಕದಲ್ಲಿ ಕೆಲಸ.

"ಲೇ ಚಂದ್ರ, ಗಟ್ಟಿಯಾಗಿ ಹಿಡ್ಕಳ್ಳಾ. ಬಿಟ್ಟೆ ಅಂದ್ರೆ ನಿಮ್ಮಕ್ಕ ಗಂಟುಮೂಟೆ ಕಟ್ಕಂಡು ನಿನ್ ಮನೇಗೇ ಬರ್ತಾಳೆ."

"ಅದಕ್ಕೇ ಕಣ್ ಬಾವ ಬಿಡಾಕಿಲ್ಲ" ಅಂದ ಚಂದ್ರಪ್ಪ.

ಮುನಿರಾಜು ಎಂಟನೇ ಮೆಟ್ಟಿಲಿಗೆ ಹೋದ. ಒಂದು ಕೈ ಏಣಿಗೆ, ಒಂದು ಕೈಯಲ್ಲಿ ಹಾರ ಎಳೆದ. ಹಾರ ಬಂತು. ಅದರ ಹಿಂದೆ ದೊಡ್ಡ ಗುಳ್ಳೆಯೊಂದು ಎದ್ದು ಒಡೆಯಿತು. ಮುನಿರಾಜು ಮೇಲೆ ನೋಡಿದ, ಏನೋ ಹೇಳುವವನಂತೆ ಬಾಯಿ ತೆರೆದ. ಮಾತು ಬರಲಿಲ್ಲ. ಕೈ ಬಿಟ್ಟಿತು. ಯಾರೋ ಸ್ವಿಚ್ಚು ತೆಗೆದಂತೆ. ಕೂಗಲಿಲ್ಲ, ಕೆಮ್ಮಲಿಲ್ಲ, ಒದ್ದಾಡಲಿಲ್ಲ.

ಚಂದ್ರಪ್ಪ ಹಗ್ಗ ಎಳೆದ. ಎರಡಡಿ ಬಂದು ನಿಂತುಬಿಟ್ಟಿತು, ಏಣಿಯ ಮೆಟ್ಟಿಲಿಗೆ ಸಿಕ್ಕಿಕೊಂಡಿತ್ತು. ಮುನಿರಾಜು ನೀರಿನಿಂದ ಗೇಣು ಮೇಲೆ ಬಟ್ಟೆಯ ಗಂಟಿನ ಹಾಗೆ ನೇತಾಡುತ್ತಿದ್ದ. "ಬಾವಾ!" ಅಂತ ಕೂಗಿ ಚಂದ್ರಪ್ಪ ಹಗ್ಗವನ್ನು ಪಕ್ಕದವನ ಕೈಗೆ ಎಸೆದು ಏಣಿಗೆ ಕಾಲಿಟ್ಟ. ಗಲಾಟೆ ಕೇಳಿ ಓಡಿಬಂದ ಗುರುಮೂರ್ತಿಯವರು ದೂರದಿಂದಲೇ ಕಿರುಚುತ್ತಿದ್ದರು: "ಯಾರಾದ್ರೂ ಇಳೀರೋ! ನೋಡ್ತಾ ನಿಂತಿದೀರಲ್ಲೋ!"

ನಾನು ಚಂದ್ರಪ್ಪನ ಸೊಂಟವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಬಿದ್ದೆ.

"ಬಿಡ್ರೀ! ಬಿಡ್ರೀ ಮೇಡಂ, ಸಾಯ್ತಾವ್ನೆ!"

"ನೀನೂ ಸಾಯ್ತೀಯ ಕಣೋ!"

ಅವನು ನನ್ನ ಮುಂಗೈಯನ್ನು ಕಚ್ಚಿದ. ಹಲ್ಲು ಒಳಗೆ ಹೋಯಿತು. ನಾನು ಬಿಡಲಿಲ್ಲ. ಇನ್ನಿಬ್ಬರು ಬಂದು ಅವನನ್ನು ಒತ್ತಿ ಹಿಡಿದರು. ನಾನು ಎದ್ದು, ತೊಟ್ಟಿ ತೊಳೆಯಲು ಬ್ಲೋಯರಿಗೆ ಜೋಡಿಸಿಟ್ಟಿದ್ದ ಉದ್ದನೆ ಗಾಳಿ ಪೈಪನ್ನು ಸಂಪಿಗೆ ಇಳಿಸಿ ಬ್ಲೋಯರಿನ ಗುಂಡಿ ಒತ್ತಿದೆ. ಅದರ ಕೊರಳಲ್ಲಿ ಇನ್ನೂ ಹಬ್ಬದ ಹಾರವಿತ್ತು. ಎಲ್ಲರನ್ನೂ ಗಾಳಿ ಬರುವ ಕಡೆಗೆ ಸರಿಸಿ, ಉಸಿರು ಬಿಗಿಹಿಡಿದು ಬಂದು, ಬಿದಿರಿನ ಕೊಕ್ಕೆಯಿಂದ ಹಗ್ಗವನ್ನು ಮೆಟ್ಟಿಲಿಂದ ಬಿಡಿಸಲು ನೋಡಿದೆ. ಮೊದಲನೇ ಸಲ ಆಗಲಿಲ್ಲ. ದೂರ ಹೋಗಿ ಉಸಿರು ತೆಗೆದುಕೊಂಡು ಬಂದೆ. ಎರಡನೇ ಸಲವೂ ಆಗಲಿಲ್ಲ. ಮೂರನೇ ಸಲ ಬಿಟ್ಟಿತು. ಐದು ಜನ ಎಳೆದರು.

ಒಂಬತ್ತು ಇಪ್ಪತ್ತೆರಡು. ಮುಖ ಬೂದಿಯಾಗಿತ್ತು. ಉಸಿರು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಮೂಗಿನ ಕೆಳಗೆ ಕೈ ಹಿಡಿದೆ. ಬಹಳ ಹೊತ್ತಾದ ಮೇಲೆ ಏನೋ ತಣ್ಣಗೆ ಸೋಕಿತು.

ಹುಡುಗಿಯರೇ, ಇದನ್ನು ವಿಧಾನ ಅಂತ ಕಲಿಯಬೇಡಿ. ಇದು ಅದೃಷ್ಟ. ವಿಧಾನ ಅಂದರೆ ಅನಿಲ ಅಳೆಯುವ ಯಂತ್ರವಿಲ್ಲದೆ ಯಾರನ್ನೂ ಇಳಿಸದಿರುವುದು, ಮೇಲಿನವರು ಕಿರುಚಿದರೂ ಇಳಿಸದಿರುವುದು. ಮೂಗನ್ನು ನಂಬದಿರುವುದು.

ಹನ್ನೊಂದು ದಿನ ಅವನು ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದ. ಏಳನೆಯ ದಿನ ಗುರುಮೂರ್ತಿಯವರು ನನ್ನನ್ನು ಕೋಣೆಗೆ ಕರೆದು ಒಂದು ಹಾಳೆ ಮುಂದಿಟ್ಟರು. ಟೈಪು ಮಾಡಿದ ನನ್ನ ಹೇಳಿಕೆ. ಮುನಿರಾಜು ನವರಾತ್ರಿಯಿಂದ ಉಪವಾಸದಲ್ಲಿದ್ದ, ದೇಹದಲ್ಲಿ ಶಕ್ತಿಯಿಲ್ಲದೆ ತಲೆಸುತ್ತಿ ಬಿದ್ದ, ಯಾರೂ ಇಳಿಯಲು ಹೇಳಿರಲಿಲ್ಲ ಅಂತ.

"ಒಂದು ಸೈನ್ ಹಾಕ್ಬಿಡಿ ಮೇಡಂ. ಇದರಲ್ಲಿ ನಿಮಗೂ ಒಳ್ಳೇದೇ. ಬೆಲ್ಲ ಹಾಕ್ಸಿದ್ದು ಯಾರು ಅಂತ ಯಾರೂ ಕೇಳಲ್ಲ."

ಅದೇ ಮೃದು ಧ್ವನಿ. ಆಸ್ಪತ್ರೆಯ ಖರ್ಚು ಕಾರ್ಖಾನೆ ಹೊರುತ್ತದೋ ಮುನಿರಾಜುವಿನ ಹೆಂಡತಿ ರತ್ನಮ್ಮ ಹೊರಬೇಕೋ ಅನ್ನುವುದು ಆ ಹಾಳೆಯ ಮೇಲೆ ನಿಂತಿತ್ತು. ನಾನು ಹಾಳೆಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಎದ್ದೆ. ಅವರಿಗೆ ನನ್ನ ರಹಸ್ಯ ಗೊತ್ತಿತ್ತು, ಅದು ನಿಜ. ಮೂರು ದಿನ ನನಗೆ ಭಯವಾಯಿತು, ಅದೂ ನಿಜ.

ವಿಚಾರಣೆಗೆ ಬಂದ ಅಧಿಕಾರಿ ಕ್ಯಾಂಟೀನಿನಲ್ಲಿ ಕೂತಿದ್ದರು. ಗುರುಮೂರ್ತಿಯವರು ಉಪವಾಸದ ಮಾತೆತ್ತಿದರು. ಮೂಲೆಯಲ್ಲಿ ನಿಂತಿದ್ದ ರತ್ನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಯಾವನ್ರೀ ಹೇಳಿದ್ದು ಉಪಾಸ ಅಂತ? ಹಿಂದಿನ್ ದಿನ ಮರಿ ಕುಯ್ದಿದ್ವಿ. ಬೆಳಗ್ಗೆ ಎದ್ದು ಎರಡು ಮುದ್ದೆ, ಮಿಕ್ಕಿದ್ ಸಾರು ನುಂಗ್ಬಿಟ್ಟು, 'ಇನ್ನೊಂದ್ ಇಕ್ಕು' ಅಂದ. 'ಸಾಕು ಹೋಗಯ್ಯ, ಬಸ್ಸು ಹೋಯ್ತದೆ' ಅಂದೆ. ಉಪಾಸವಂತೆ! ನಮ್ಮನೆ ಮನುಷ್ಯ ಏಕಾದಶೀಲೂ ಉಪಾಸ ಇದ್ದೋನಲ್ಲ."

ಯಾರೋ ನಕ್ಕರು. ಅಧಿಕಾರಿ ನನ್ನ ಕಡೆ ತಿರುಗಿದರು. "ಹಾಗಾದ್ರೆ ಅಷ್ಟು ತಿಂದಿದ್ದ ಆಳು ಒಂದೇ ಕ್ಷಣಕ್ಕೆ ಹೇಗಮ್ಮ ಬಿದ್ದ?"

ನಾನು ಹೇಳಿದೆ. "ಸರ್, ಮನೆ ತಾರಸಿಗೆ ಮೋಲ್ಡ್ ಹಾಕೋದು ನೋಡಿದೀರಲ್ಲ. ಕೆಳಗಿಂದ ಮೇಲಿನ ತನಕ ಜನ ಸಾಲಾಗಿ ನಿಂತು ಕಾಂಕ್ರೀಟು ತುಂಬಿದ ಬಾಂಡ್ಲಿಯನ್ನ ಕೈಯಿಂದ ಕೈಗೆ ದಾಟಿಸ್ತಾರೆ. ನಾವು ತಿಂದ ಅನ್ನ ಜೀವಕೋಶದೊಳಗೆ ಹಾಗೇ ಹೋಗೋದು. ಮುದ್ದೆ ಸಕ್ಕರೆಯಾಗುತ್ತೆ, ಸಕ್ಕರೆ ಒಡೆದು ಅದರ ಎಲೆಕ್ಟ್ರಾನ್‌ಗಳು ಕೈಯಿಂದ ಕೈಗೆ ದಾಟುತ್ತವೆ. ಒಂದೊಂದು ಕೈ ದಾಟಿದಾಗಲೂ ಸ್ವಲ್ಪ ಸ್ವಲ್ಪ ಶಕ್ತಿ ಬಿಡುತ್ತೆ. ಜೀವಕೋಶ ಅದನ್ನ ಎಟಿಪಿ ಅನ್ನೋ ವಸ್ತುವಾಗಿ ಹಿಡಿದಿಟ್ಕೊಂಡು ಕೂಡಲೇ ಖರ್ಚು ಮಾಡುತ್ತೆ. ಕಣ್ಣು ಮಿಟುಕಿಸೋದಕ್ಕೂ ಅದೇ, ಏಣಿ ಹಿಡಿಯೋದಕ್ಕೂ ಅದೇ. ಸಾಲಿನ ಕೊನೆಗೆ ಮೇಲೆ ನಿಂತು ಬಾಂಡ್ಲಿ ಖಾಲಿ ಮಾಡಿಸ್ಕೊಳ್ಳೋನು ಆಮ್ಲಜನಕ. ಈ ಅನಿಲ ಏನು ಮಾಡುತ್ತೆ ಅಂದ್ರೆ, ಕೊನೆಯ ಆಳಿನ ಕೈಯನ್ನ ಕಚ್ಕೊಂಡು ಬಿಡುತ್ತೆ. ಮೇಲೆ ಆಮ್ಲಜನಕ ಕಾಯ್ತಾ ನಿಂತಿದೆ, ಕೆಳಗೆ ಮಾಲು ರಾಶಿ ಇದೆ. ಆದರೆ ಕೊನೆಯ ಕೈ ಆಡಲ್ಲ. ಕೊನೆಯದು ನಿಂತರೆ ಅದರ ಹಿಂದಿನದು, ಅದರ ಹಿಂದಿನದು, ಇಡೀ ಸಾಲು ತುಂಬಿದ ಬಾಂಡ್ಲಿ ಹಿಡ್ಕೊಂಡು ನಿಲ್ಲುತ್ತೆ. ಮಿದುಳಿನಲ್ಲಿ ಈ ಶಕ್ತಿಯ ದಾಸ್ತಾನು ಇರಲ್ಲ ಸರ್. ಅವನ ಹೊಟ್ಟೆ ತುಂಬಿತ್ತು. ರಕ್ತದಲ್ಲಿ ಆಮ್ಲಜನಕವೂ ಇತ್ತು. ಎರಡೂ ಇದ್ದು ಅವನು ಹಸಿದು ಬಿದ್ದ."

ಬಾಂಡ್ಲಿಯ ಮಾತು ನನಗೆ ಹೊಳೆದದ್ದಲ್ಲ. ನಮ್ಮ ಮನೆಗೆ ಮೋಲ್ಡ್ ಹಾಕಿದ ದಿನ ಮುನಿರಾಜು, ಚಂದ್ರಪ್ಪ ಬಂದು ಆ ಸಾಲಿನಲ್ಲಿ ಸಂಜೆಯ ತನಕ ನಿಂತಿದ್ದರು.

"ಆ ಅನಿಲ ಅಲ್ಲಿಗೆ ಹೇಗೆ ಬಂತು?" ಅಂದರು ಅಧಿಕಾರಿ.

ಬ್ಲೋಯರ್ ನಿಲ್ಲಿಸಿದ್ದು ಹೇಳಿದೆ. ಕುಂಬಳಕಾಯಿ ಹೇಳಿದೆ. ಬಕೆಟ್ಟು ಹೇಳಿದೆ, ಎದ್ದು ಹೋಗಿ ತೋರಿಸಿದೆ. ನನ್ನ ನೋಟ್‌ಪುಸ್ತಕ ಕೊಟ್ಟೆ. ಆಮೇಲೆ ಬೆಲ್ಲ ಹೇಳಿದೆ. "ಇಳಿಯೋಕೆ ಮುಂಚೆ ಅವನು ನನ್ನ ಮುಖ ನೋಡಿದ ಸರ್. ನಾನು ತಲೆಯಾಡಿಸಿದೆ."

"ಅಂದ್ರೆ ನಿಮ್ಮದೂ ತಪ್ಪಿದೆ ಅಂತ ಬರ್ಕೊಳ್ಲಾ?"

"ಬರ್ಕೊಳ್ಳಿ."

ಬರೆದುಕೊಂಡರು. ಚಿಕಿತ್ಸೆಯ ಖರ್ಚು ಕಾರ್ಖಾನೆಯ ಮೇಲೆ ಬಿತ್ತು. ನನಗೆ ಲಿಖಿತ ಎಚ್ಚರಿಕೆ ಬಂತು, ಅದು ಸರಿಯಾಗಿಯೇ ಇತ್ತು. ಗುರುಮೂರ್ತಿಯವರನ್ನು ಬೇರೆ ಊರಿನ ಶಾಖೆಗೆ ಕಳಿಸಿದರು, ಬಡ್ತಿ ಕೊಟ್ಟು. ಬಡ್ತಿಗಳ ವಿಷಯ ಈ ಬರಹದಲ್ಲಿ ಇಷ್ಟೇ.

ಮುನಿರಾಜು ಬದುಕಿದ. ಶುದ್ಧ ಗಾಳಿ ಸಿಕ್ಕರೆ ಆ ಅನಿಲದ ಹಿಡಿತ ಸಡಿಲುತ್ತದೆ, ಕೈಗಳು ಮತ್ತೆ ಆಡುತ್ತವೆ. ಆದರೆ ಅಷ್ಟರೊಳಗೆ ಮಿದುಳಿನಲ್ಲಿ ಸತ್ತದ್ದು ಸತ್ತಂತೆಯೇ. ಕೈ ನಡುಗುತ್ತಿತ್ತು. ಮಾತು ಮರೆಯುತ್ತಿತ್ತು. ಲೋಟಕ್ಕೆ "ಅದು" ಅನ್ನುತ್ತಿದ್ದ, ಬಾಗಿಲಿಗೆ "ಅದು" ಅನ್ನುತ್ತಿದ್ದ. ನೋಡಲು ಹೋದಾಗ ನನ್ನನ್ನು "ಟೀಚರ್" ಅಂದ. ರತ್ನಮ್ಮ ತಿದ್ದಿದಳು. "ಟೀಚರಲ್ಲ ಕಣಯ್ಯ, ಮೇಡಮ್ಮೋರು." ಅವನು ನಾಚಿಕೊಂಡು ತಲೆ ತಗ್ಗಿಸಿದ. ಅವನಿಗೇಕೆ ನಾಚಿಕೆ!

ಆ ವರ್ಷವೆಲ್ಲ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಮಲಗಿದ ಕೂಡಲೇ ಎಂಟನೇ ಮೆಟ್ಟಿಲು, ಮೇಲೆ ನೋಡಿದ ಮುಖ, ತೆರೆದ ಬಾಯಿ. ಕರೆಂಟು ಹೋಗಿ ಫ್ಯಾನು ನಿಂತರೆ ಸಾಕು, ಬೆಚ್ಚಿ ಎದ್ದು ಕೂರುತ್ತಿದ್ದೆ. ಪಕ್ಕದಲ್ಲಿ ಮಲಗಿದ್ದ ನಮ್ಮ ಮನೆಯವರ ಮೂಗಿನ ಕೆಳಗೆ ಕೈ ಹಿಡಿದು ನೋಡುತ್ತಿದ್ದೆ. ಒಂದೊಂದು ರಾತ್ರಿ ನಾಲ್ಕೈದು ಸಲ. ಅವರು ಎಚ್ಚರವಾದರೂ ಕಣ್ಣು ಬಿಡುತ್ತಿರಲಿಲ್ಲ. ಒಮ್ಮೆ ಮಾತ್ರ ಕತ್ತಲಲ್ಲಿ, "ಇದೀನಿ ಕಣೇ, ಮಲ್ಕೋ" ಅಂದರು.

ಮುಂದಿನ ಆಯುಧಪೂಜೆ ಬಂತು. ಮುನಿರಾಜು ಒಂದು ತಿಂಗಳಿಂದ ಕೆಲಸಕ್ಕೆ ಬರುತ್ತಿದ್ದ, ಗಿಡಗಳಿಗೆ ನೀರು ಹಾಕುವ ಹಗುರದ ಕೆಲಸ. ನಾನು ಬೆಳಿಗ್ಗೆಯೇ ಬ್ಲೋಯರಿನ ಸ್ವಿ‌ಚ್‌ಬೋರ್ಡಿಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡಿದ್ದೆ. ಪೂಜೆಗೆ ತಟ್ಟೆ ಹಿಡಿದು ಬಂದವರು ಗೊಣಗಿದರು.

"ಓಡ್ತಿರೋ ಮಿಷನ್ನಿಗೆ ಯಾರಾದ್ರೂ ಪೂಜೆ ಮಾಡ್ತಾರಾ ಮೇಡಂ? ಒಂದತ್ತು ನಿಮಿಷ ನಿಲ್ಸಿ."

"ನಿಲ್ಸಲ್ಲ."

"ಶಾಸ್ತ್ರ ಮೇಡಂ..."

ಚಂದ್ರಪ್ಪ ಮುಂದೆ ಬಂದ. "ಏನ್ ಗುರು ಶಾಸ್ತ್ರ? ನಿನ್ನ ಮೂಗು ಮುಚ್ಚಿ ಹತ್ತು ನಿಮಿಷ ಹಣೆಗೆ ಕುಂಕುಮ ಇಕ್ಲಾ? ಓಡ್ತಿರೋದೇ ಅದರ ಉಸ್ರು. ಕೊಡಿಲ್ಲಿ ತಟ್ಟೆ." ತಟ್ಟೆ ತೆಗೆದುಕೊಂಡು ಅವನು ನನ್ನ ಮುಂಗೈ ಕಡೆ ನೋಡಿದ. ಹಲ್ಲಿನ ಗುರುತು ಇನ್ನೂ ಅರ್ಧಚಂದ್ರದ ಹಾಗೆ ಇತ್ತು, ಈಗಲೂ ಇದೆ. ಆ ವಿಷಯ ನಾವಿಬ್ಬರೂ ಯಾವತ್ತೂ ಮಾತಾಡಿರಲಿಲ್ಲ. ಅವನು ತಟ್ಟೆಯನ್ನು ತನ್ನ ಬಾವನ ಕೈಗೆ ಕೊಟ್ಟ.

ಮುನಿರಾಜು ಬ್ಲೋಯರಿನ ಮುಂದೆ ನಿಂತ. ಯಂತ್ರವೂ ನಡುಗುತ್ತಿತ್ತು, ಅವನ ಬೆರಳೂ ನಡುಗುತ್ತಿತ್ತು. ಅರ್ಧ ಕುಂಕುಮ ನೆಲಕ್ಕೆ ಬಿತ್ತು. ಇಟ್ಟ. ಹಾರ ಹಾಕಿದ. ಆಮೇಲೆ ತಿರುಗಿ ತೊಟ್ಟಿಯ ಅಂಚಿಗೆ ಹೋಗಿ, ಬುಳುಬುಳು ಏಳುವ ಗುಳ್ಳೆಗಳನ್ನು ನೋಡುತ್ತ ಬಹಳ ಹೊತ್ತು ನಿಂತ. ಹಣೆ ಗಂಟಾಯಿತು. ಏನನ್ನೋ ಹುಡುಕುತ್ತಿದ್ದ. ನಾನು ಕಾದೆ.

"ಇವತ್ತು..." ಅಂದ. ನಿಲ್ಲಿಸಿದ. "ಇವತ್ತು ಮೇವು ಎಷ್ಟು, ಮೇಡಂ?"

ನಾನು ಅವನ ಪಕ್ಕಕ್ಕೆ ಹೋಗಿ ನಿಂತೆ. "ಅರ್ಧ ಸಾಕು ಮುನಿರಾಜು. ರಜ ಇದೆಯಲ್ಲ."

"ಗಾಳಿ?"

"ಗಾಳಿ ಪೂರ್ತಿ."

ಸಂಜೆ ಮನೆಗೆ ಬಂದು ಕೀಲಿಯನ್ನು ಸೆರಗಿನಿಂದ ಬಿಚ್ಚದೆ ಹಾಗೇ ಮಲಗಿದೆನಂತೆ. ಆ ರಾತ್ರಿ ಎರಡು ಸಲ ಕರೆಂಟು ಹೋಗಿ ಬಂತಂತೆ. ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು, ಹಾಲಿನವನು ಬಂದು ಹೋಗಿದ್ದ. ನಮ್ಮ ಮನೆಯವರು ಕಾಫಿ ಲೋಟ ಹಿಡಿದು ಮಂಚದ ಪಕ್ಕದಲ್ಲಿ ನಿಂತಿದ್ದರು.

"ಏನಾಯ್ತು?" ಅಂದೆ.

"ಏನಿಲ್ಲ. ಅಲ್ಲಾಡದೆ ಮಲ್ಗಿದ್ಯಲ್ಲ, ದಿಗಿಲಾಗಿ ಮೂಗಿನ ಹತ್ರ ಕೈ ಹಿಡಿದು ನೋಡ್ದೆ."

"ಉಸಿರಿತ್ತಾ?"

"ಇತ್ತು ಕಣೇ" ಅಂದರು. "ಬೆಚ್ಚಗಿತ್ತು."